ಪವರ್ ಜಾಸ್ತಿ ಇರುವ ಮಾಡ್ಯೂಲ್ ಹಾಕಿದರೆ ಸರಿಹೋಗುತ್ತಾ?

ಪ್ರಶ್ನೆ: ಪಾಂಡವಪುರದ ಹತ್ತಿರ ಕೇಬಲ್ ಟಿವಿ, ಇಂಟರ್‌ನೆಟ್ ಎರಡೂ ನಡೆಸುತ್ತಿದ್ದೇನೆ. ಮಂಡ್ಯದಿಂದ ನಮ್ಮ ಆಫೀಸಿಗೆ 28 ಕಿ.ಮೀ. ಫೈಬರ್ ಇದೆ. ಎರಡೂ ತುದಿಗೆ 80 ಕಿ.ಮೀ.ನ 10ಜಿ ಮಾಡ್ಯೂಲ್ (ಫೈಬರ್‌ಗೆ ಬೆಳಕು ಕಳಿಸಿ, ಬಂದ ಬೆಳಕನ್ನು ಓದುವ ಸಾಧನ) ಹಾಕಿದ್ದೇವೆ. ಲಿಂಕ್ ಬರುತ್ತೆ, ಆದರೆ ಎರರ್ ನಿಲ್ಲುವುದಿಲ್ಲ, ಒಮ್ಮೊಮ್ಮೆ ಲಿಂಕೇ ಬಿದ್ದುಹೋಗುತ್ತೆ. ಇನ್ನು ನಮ್ಮ ಜಿಪಾನ್ (ಒಂದೇ ಫೈಬರ್‌ನಿಂದ ಹಲವು ಮನೆಗೆ ಹಂಚುವ ವ್ಯವಸ್ಥೆ) ಒಎಲ್‌ಟಿ, ಅಂದರೆ ಆಫೀಸಿನ ಕಡೆಯ ಪೆಟ್ಟಿಗೆಯ ಪೋರ್ಟ್‌ನಲ್ಲಿ ಪವರ್ ಮೀಟರ್ ಪ್ಲಸ್ 4 ಡಿಬಿಎಂ ತೋರಿಸುತ್ತೆ, ಕೊನೆಯ ಮನೆಗಳಲ್ಲಿ ಮೈನಸ್ 28. ಮೊದಲು 8ರ ಸ್ಪ್ಲಿಟರ್ (ಬೆಳಕನ್ನು ಎಂಟು ಪಾಲು ಮಾಡುವುದು), ಅದರ ಕೆಳಗೆ ಮತ್ತೊಂದು 8ರದ್ದು, ಒಟ್ಟು ದೂರ 6 ಕಿ.ಮೀ. ಪವರ್ ಜಾಸ್ತಿ ಇರುವ ಮಾಡ್ಯೂಲ್ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಟ್ರಾನ್ಸ್‌ಮಿಟರ್ ಪವರ್ ಎಷ್ಟಿರಬೇಕು? ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಉತ್ತರ: ಇಲ್ಲ ಸ್ವಾಮಿ, ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪ್ರಶ್ನೆಯಲ್ಲೇ ಇದೆ. ಮಂಡ್ಯದ ಲಿಂಕ್‌ನಲ್ಲಿ ನಿಮಗೆ ಬೆಳಕು ಹೆಚ್ಚಾಗಿದೆ. ಊರೊಳಗಿನ ಲೈನ್‌ನಲ್ಲಿ ಎಲ್ಲೋ ಬೆಳಕು ಸೋರಿಹೋಗುತ್ತಿದೆ. ಎರಡಕ್ಕೂ ಹೊಸ ಮಾಡ್ಯೂಲ್ ಮದ್ದಲ್ಲ.

ಟ್ರಾನ್ಸ್‌ಮಿಟರ್ ಪವರ್ ಎಷ್ಟಿರಬೇಕು ಅನ್ನುವುದನ್ನು ಟ್ರಾನ್ಸ್‌ಮಿಟರ್ ನೋಡಿ ಹೇಳಲು ಬರುವುದಿಲ್ಲ. ಆ ಕಡೆ ತುದಿಯಲ್ಲಿರುವ ರಿಸೀವರ್‌ಗೆ ಎಷ್ಟು ಬೇಕು, ಎಷ್ಟಕ್ಕಿಂತ ಜಾಸ್ತಿ ಆಗಬಾರದು, ದಾರಿಯಲ್ಲಿ ಎಷ್ಟು ಹೋಗುತ್ತೆ, ಈ ಮೂರು ಗೊತ್ತಾದ ಮೇಲೆ ಪವರ್ ತಾನಾಗಿ ಗೊತ್ತಾಗುತ್ತೆ. ಪ್ರತಿ ರಿಸೀವರ್‌ಗೂ ಎರಡು ಗಡಿ ಇರುತ್ತವೆ. ಕೆಳಗಿನದು ಸೆನ್ಸಿಟಿವಿಟಿ, ಮೇಲಿನದು ಓವರ್‌ಲೋಡ್. ಕೆಳಗಿನದನ್ನು ಎಲ್ಲರೂ ನೋಡುತ್ತಾರೆ. ಮೇಲಿನದನ್ನು ಡೇಟಾಶೀಟ್‌ನಲ್ಲಿ ಹುಡುಕಿ ನೋಡುವವರು ಕಡಿಮೆ.

ಲೆಕ್ಕ ಹಾಕುವ ಮುಂಚೆ ಡಿಬಿಎಂ, ಅಂದರೆ ಬೆಳಕಿನ ಪವರ್ ಅಳೆಯುವ ಮಾನದ ಬಗ್ಗೆ ಎರಡು ಮಾತು. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. 3 ಸೇರಿಸಿದರೆ ದುಪ್ಪಟ್ಟು, 3 ಕಳೆದರೆ ಅರ್ಧ. 10 ಸೇರಿಸಿದರೆ ಹತ್ತರಷ್ಟು, 10 ಕಳೆದರೆ ಹತ್ತರಲ್ಲಿ ಒಂದು. ಹಾಗಾಗಿ 0 ಡಿಬಿಎಂ ಅಂದರೆ ಪವರ್ ಇಲ್ಲ ಅಂತ ಅಲ್ಲ, ಮೈನಸ್ ಅಂದರೆ ಕೆಟ್ಟಿದೆ ಅಂತಲೂ ಅಲ್ಲ. ನಿಮ್ಮ ಪ್ಲಸ್ 4 ಅಂದರೆ ಸುಮಾರು 2.5 ಮಿಲಿವ್ಯಾಟ್. ಮೈನಸ್ 28 ಅಂದರೆ 0.0016 ಮಿಲಿವ್ಯಾಟ್. ಒಎಲ್‌ಟಿಯಿಂದ ಹೊರಟ ಬೆಳಕಿನಲ್ಲಿ ಸುಮಾರು 1,600ರಲ್ಲಿ ಒಂದು ಪಾಲು ಮಾತ್ರ ಕೊನೆಯ ಮನೆ ಮುಟ್ಟುತ್ತಿದೆ. ಪವರ್ ಹೇಳುವಾಗ ಡಿಬಿಎಂ, ಲಾಸ್ ಹೇಳುವಾಗ ಬರೀ ಡಿಬಿ. ಫೀಲ್ಡ್‌ನಲ್ಲಿ ಎಲ್ಲದಕ್ಕೂ ಡಿಬಿ ಅಂತಲೇ ಹೇಳುತ್ತಾರೆ, ಪರವಾಗಿಲ್ಲ, ಕಾಗದದ ಮೇಲೆ ಮಾತ್ರ ಬೆರೆಸಬೇಡಿ.

ಈಗ ಯಾವ ಟ್ರಾನ್ಸ್‌ಮಿಟರ್ ಎಷ್ಟು ಕೊಡುತ್ತೆ ನೋಡೋಣ.

ತೀರಾ ಕೆಳಗೆ ಇರುವುದು ಎಲ್‌ಇಡಿ. ಹಳೆಯ 100 ಮೆಗಾಬಿಟ್ ಮಲ್ಟಿಮೋಡ್ (ಬೆಳಕು ಹೋಗುವ ನಡುಭಾಗ ಅಗಲವಿರುವ ಫೈಬರ್) ಲಿಂಕ್‌ಗಳಲ್ಲಿ ಇದೇ ಇತ್ತು, 62.5 ಮೈಕ್ರಾನ್ ಫೈಬರ್‌ಗೆ ಮೈನಸ್ 20ರಿಂದ ಮೈನಸ್ 14 ಡಿಬಿಎಂ. ಎಲ್‌ಇಡಿಯಿಂದ ಬೆಳಕು ಕಡಿಮೆ ಬರುತ್ತೆ ಅಂತಲ್ಲ, ಅದು ನಾಲ್ಕೂ ಕಡೆ ಹರಡುತ್ತೆ, ಫೈಬರ್ ಒಳಗೆ ಹೋಗುವುದು ಸ್ವಲ್ಪವೇ. ಸಿಂಗಲ್ ಮೋಡ್ ಫೈಬರ್‌ನ ಕೋರ್ (ನಡುಭಾಗ) 9 ಮೈಕ್ರಾನ್ ಅಷ್ಟೇ, ಅದರೊಳಗೆ ಇನ್ನೂ ಕಡಿಮೆ. ಲೇಸರ್ ಬೇಕಾದದ್ದು ಅದಕ್ಕೇ. ಒಂದೇ ರ‍್ಯಾಕ್ ಒಳಗೆ, ಒಂದೇ ಕಟ್ಟಡದೊಳಗೆ ಓಡುವ 850 ನ್ಯಾನೊಮೀಟರ್ ತರಂಗಾಂತರದ ಮಾಡ್ಯೂಲ್‌ಗಳಲ್ಲಿ ವಿಕ್ಸೆಲ್ ಅನ್ನುವ ಅಗ್ಗದ ಲೇಸರ್ ಇರುತ್ತೆ. ಇದರ 10ಜಿ ಮಾದರಿ ಎಸ್‌ಆರ್ ಅಂದರೆ ಮೈನಸ್ 7.3ರಿಂದ ಮೈನಸ್ 1ರವರೆಗೆ. 10 ಕಿ.ಮೀ.ನ 1ಜಿ ಮಾಡ್ಯೂಲ್ ಸಾಮಾನ್ಯವಾಗಿ ಮೈನಸ್ 9.5ರಿಂದ ಮೈನಸ್ 3. 10 ಕಿ.ಮೀ.ನ 10ಜಿ ಎಲ್‌ಆರ್ ಮೈನಸ್ 8.2ರಿಂದ ಪ್ಲಸ್ 0.5. 40 ಕಿ.ಮೀ.ನ ಇಆರ್ ಮೈನಸ್ 4.7ರಿಂದ ಪ್ಲಸ್ 4. ನೀವು ಹಾಕಿರುವ 80 ಕಿ.ಮೀ.ನ ಜೆಡ್‌ಆರ್ ಸಾಮಾನ್ಯವಾಗಿ 0ಯಿಂದ ಪ್ಲಸ್ 4. ಗಮನಿಸಿ, 40ಕ್ಕೂ 80ಕ್ಕೂ ಮೇಲಿನ ಅಂಕಿ ಒಂದೇ. ಹಾಗಾದರೆ ದೂರ ದುಪ್ಪಟ್ಟು ಆಗಿದ್ದು ಹೇಗೆ? ರಿಸೀವರ್‌ನಿಂದ. ಇಆರ್ ಮೈನಸ್ 15.8ರವರೆಗೆ ಓದುತ್ತೆ, ಜೆಡ್‌ಆರ್‌ನಲ್ಲಿ ಎಪಿಡಿ ಅನ್ನುವ ಸೂಕ್ಷ್ಮ ಡಯೋಡ್ ಇರುವುದರಿಂದ ಮೈನಸ್ 24ರವರೆಗೆ ಓದುತ್ತೆ. ದೂರದ ಮಾಡ್ಯೂಲ್ ಅಂದರೆ ಜೋರಾಗಿ ಕಳಿಸುವ ಮಾಡ್ಯೂಲ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಜದಲ್ಲಿ ಹೆಚ್ಚಿನ ಪಾಲು ಕೆಲಸ ಮಾಡುವುದು ಕೇಳಿಸಿಕೊಳ್ಳುವ ಕಡೆ.

ನಿಮ್ಮ ಮಂಡ್ಯ ಲಿಂಕ್‌ನ ಗುಟ್ಟು ಇಲ್ಲೇ ಇದೆ. ಜೆಡ್‌ಆರ್ ಓಡುವ 1550 ನ್ಯಾನೊಮೀಟರ್‌ನಲ್ಲಿ ಒಳ್ಳೆಯ ಫೈಬರ್ ಕಿ.ಮೀ.ಗೆ 0.2ರಿಂದ 0.22 ಡಿಬಿ ತಿನ್ನುತ್ತೆ. 28 ಕಿ.ಮೀ.ಗೆ 6.2. ದಾರಿಯ ಸ್ಪ್ಲೈಸ್‌ಗಳಿಗೆ (ಫೈಬರ್ ಬೆಸೆದ ಜಾಯಿಂಟ್) ಒಂದು 0.7 ಹಿಡಿಯಿರಿ, ಎರಡೂ ಕಡೆಯ ಪ್ಯಾಚ್ ಪ್ಯಾನೆಲ್ ಸೇರಿ ಇನ್ನೊಂದು 1. ಒಟ್ಟು ಸುಮಾರು 8 ಡಿಬಿ. ನಿಮ್ಮ ಮಾಡ್ಯೂಲ್ ಪ್ಲಸ್ 2 ಕೊಡುತ್ತಿದ್ದರೆ ಆ ಕಡೆ ಮುಟ್ಟುವುದು ಮೈನಸ್ 6. ಪ್ಲಸ್ 4 ಆದರೆ ಮೈನಸ್ 4. ಜೆಡ್‌ಆರ್ ರಿಸೀವರ್‌ನ ಓವರ್‌ಲೋಡ್ ಗಡಿ ಸಾಮಾನ್ಯವಾಗಿ ಮೈನಸ್ 7. ಅಂದರೆ ನಿಮ್ಮ ರಿಸೀವರ್ ಗಡಿ ದಾಟಿ ಕೂತಿದೆ. ಬೆಳಕು ಸಾಲದೆ ಬರುವ ಎರರ್ ಹೇಗಿರುತ್ತೋ ಬೆಳಕು ಜಾಸ್ತಿಯಾಗಿ ಬರುವ ಎರರ್ ಕೂಡ ಹಾಗೇ ಇರುತ್ತೆ, ಸ್ವಿಚ್‌ನ ಕೌಂಟರ್ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೇ ಜನ ಇನ್ನೂ ಜೋರಾದ ಮಾಡ್ಯೂಲ್ ತಂದು ಹಾಕಿ ಇನ್ನೂ ಕೆಡಿಸಿಕೊಳ್ಳುತ್ತಾರೆ.

ಎರಡೂ ತುದಿಯ ರಿಸೀವ್ ಕಡೆಗೆ 10 ಡಿಬಿ ಫಿಕ್ಸೆಡ್ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ಸಣ್ಣ ಸಾಧನ) ಹಾಕಿ. ಮೈನಸ್ 14ರಿಂದ ಮೈನಸ್ 16ರ ಹತ್ತಿರ ಬಂದು ನಿಲ್ಲುತ್ತೆ. ಮೇಲಿನ ಗಡಿಗೂ ಕೆಳಗಿನ ಗಡಿಗೂ ನಡುವೆ. ಮುಂದೆ ರಸ್ತೆ ಅಗಲ ಮಾಡುವಾಗ ಎಲ್ಲಾದರೂ ಕಟ್ ಆಗಿ ನಾಲ್ಕೈದು ಜಾಯಿಂಟ್ ಹೆಚ್ಚಾದರೂ ತಡೆಯುತ್ತೆ. ಹೊಸದಾಗಿ ಕೊಳ್ಳುವುದಿದ್ದರೆ ಈ ದೂರಕ್ಕೆ 40 ಕಿ.ಮೀ.ನ ಇಆರ್ ಸಾಕಿತ್ತು. ಅದರ ಓವರ್‌ಲೋಡ್ ಗಡಿ ಮೈನಸ್ 1, ಹಾಗಾಗಿ 8 ಡಿಬಿ ಲಾಸ್‌ಗೆ ಅಟೆನ್ಯುಯೇಟರ್ ಕೂಡ ಬೇಕಿರಲಿಲ್ಲ. 10 ಕಿ.ಮೀ.ನ ಎಲ್‌ಆರ್ ಮಾತ್ರ ಆಗುತ್ತಿರಲಿಲ್ಲ. ಅದು 1310ರಲ್ಲಿ ಓಡುತ್ತೆ, ಅಲ್ಲಿ ಕಿ.ಮೀ.ಗೆ 0.35 ಹೋಗುತ್ತೆ, ಲೆಕ್ಕ ಹಾಕಿದರೆ ಸಾಲದು.

ಇನ್ನೊಂದು ಮಾತು, ಇದನ್ನು ನಿಮ್ಮ ಹುಡುಗರಿಗೂ ಹೇಳಿಬಿಡಿ. 80 ಕಿ.ಮೀ.ನ ಎರಡು ಮಾಡ್ಯೂಲ್‌ಗಳನ್ನು ಟೇಬಲ್ ಮೇಲೆ ಇಟ್ಟು ಒಂದು ಮೀಟರ್ ಪ್ಯಾಚ್ ಕಾರ್ಡ್‌ನಲ್ಲಿ ಟೆಸ್ಟ್ ಮಾಡುವ ಚಾಳಿ ಇದೆಯಲ್ಲ, ಅದು ಬೇಡ. ಎಪಿಡಿ ಸುಟ್ಟುಹೋಗಬಹುದು. ಸುಟ್ಟ ಮೇಲೂ ಮಾಡ್ಯೂಲ್ ಸ್ವಿಚ್‌ನಲ್ಲಿ ಕಾಣಿಸುತ್ತೆ, ಟ್ರಾನ್ಸ್‌ಮಿಟ್ ಸರಿ ಇರುತ್ತೆ, ರಿಸೀವ್ ಮಾತ್ರ ಇರುವುದಿಲ್ಲ. ಮಧ್ಯೆ 15 ಡಿಬಿ ಅಟೆನ್ಯುಯೇಟರ್ ಹಾಕಿ ಟೆಸ್ಟ್ ಮಾಡಿ.

ಈಗ ಊರೊಳಗಿನ ಕಥೆ. ಇದು ಸ್ವಲ್ಪ ಉದ್ದ.

ಜಿಪಾನ್‌ನಲ್ಲಿ ಒಎಲ್‌ಟಿ ಮಾಡ್ಯೂಲ್‌ಗಳಿಗೆ ಕ್ಲಾಸ್ ಇರುತ್ತೆ. ಬಿ ಪ್ಲಸ್ ಅಂದರೆ ಪ್ಲಸ್ 1.5ರಿಂದ ಪ್ಲಸ್ 5. ಸಿ ಪ್ಲಸ್ ಅಂದರೆ ಪ್ಲಸ್ 3ರಿಂದ ಪ್ಲಸ್ 7. ಮನೆಯ ಒಎನ್‌ಯು (ಫೈಬರ್ ಬಂದು ಸೇರುವ ಪೆಟ್ಟಿಗೆ) ತಿರುಗಿ ಕಳಿಸುವುದು ಪ್ಲಸ್ 0.5ರಿಂದ ಪ್ಲಸ್ 5. ಬಿ ಪ್ಲಸ್‌ನಲ್ಲಿ ಒಎನ್‌ಯುಗೆ ಕನಿಷ್ಠ ಮೈನಸ್ 27 ಬೇಕು, ಮೈನಸ್ 8ಕ್ಕಿಂತ ಜಾಸ್ತಿ ಆಗಬಾರದು. ನಿಮ್ಮ ಪ್ಲಸ್ 4 ನೋಡಿದರೆ ಬಿ ಪ್ಲಸ್ ಇರಬೇಕು, ಅದು ಸರಿಯಾಗೇ ಇದೆ. ಒಎಲ್‌ಟಿಯನ್ನು ಬೈಯಬೇಡಿ.

ಲಾಸ್ ಲೆಕ್ಕ ಹಾಕೋಣ. 8ರ ಸ್ಪ್ಲಿಟರ್ ಒಂದಕ್ಕೆ ಸುಮಾರು 10.5 ಡಿಬಿ, ಎರಡಕ್ಕೆ 21. ಇಂಟರ್‌ನೆಟ್ ಮನೆಗೆ ಬರುವ 1490 ನ್ಯಾನೊಮೀಟರ್‌ನಲ್ಲಿ 6 ಕಿ.ಮೀ.ಗೆ ಒಂದೂವರೆ. ಕನೆಕ್ಟರ್, ಸ್ಪ್ಲೈಸ್ ಎಲ್ಲ ಸೇರಿ ಎರಡೂವರೆ. ಒಟ್ಟು 25. ಪ್ಲಸ್ 4ರಲ್ಲಿ 25 ಕಳೆದರೆ ಮೈನಸ್ 21. ಕೊನೆಯ ಮನೆಯಲ್ಲಿ ಬರಬೇಕಾದ್ದು ಇದು. ನಿಮಗೆ ಬರುತ್ತಿರುವುದು ಮೈನಸ್ 28. ನಡುವಿನ 7 ಡಿಬಿ ಎಲ್ಲಿಗೆ ಹೋಯಿತು? 7 ಡಿಬಿ ಅಂದರೆ ಬರಬೇಕಾದ ಬೆಳಕಿನಲ್ಲಿ ಐದರಲ್ಲಿ ನಾಲ್ಕು ಪಾಲು.

ಅಂಗಡಿಯವರು ಹೇಳಿದಂತೆ ಸಿ ಪ್ಲಸ್ ಹಾಕಿದರೆ ಏನಾಗುತ್ತೆ? ಅದು ಪ್ಲಸ್ 6 ಕೊಟ್ಟಿತು ಅಂದುಕೊಳ್ಳಿ. ನಿಮಗೆ ಸಿಕ್ಕಿದ್ದು 2 ಡಿಬಿ. ಮೈನಸ್ 28 ಹೋಗಿ ಮೈನಸ್ 26 ಆಗುತ್ತೆ. ಲೈಟ್ ಹಸಿರಾಗುತ್ತೆ, ಬಿಲ್ ಕಟ್ಟಿ ಮನೆಗೆ ಬರುತ್ತೀರಿ, ಒಂದು ತಿಂಗಳಿಗೆ ಅದೇ ಜಾಯಿಂಟ್ ಇನ್ನೆರಡು ಡಿಬಿ ಕೆಟ್ಟು ಮತ್ತೆ ಫೋನ್ ಬರುತ್ತೆ. ವಿ.ಸಿ. ನಾಲೆ ಮಧ್ಯೆ ಒಡೆದಿರುವಾಗ ಕೆಆರ್‌ಎಸ್‌ನಲ್ಲಿ ಗೇಟ್ ಇನ್ನಷ್ಟು ಎತ್ತಿದರೆ ಟೇಲ್ ಎಂಡ್ ಗದ್ದೆಗೆ ನೀರು ಬರುತ್ತಾ? ಒಡೆದ ಕಡೆ ಇನ್ನೂ ಜಾಸ್ತಿ ಹರಿಯುತ್ತೆ, ಅಷ್ಟೇ.

ಅದಕ್ಕಿಂತ ತೊಂದರೆ ಹತ್ತಿರದ ಮನೆಗಳದ್ದು. ಮೊದಲ ಸ್ಪ್ಲಿಟರ್‌ನಿಂದಲೇ ನೇರವಾಗಿ ಯಾರಿಗಾದರೂ ಕನೆಕ್ಷನ್ ಕೊಟ್ಟಿದ್ದೀರಾ? ಆಫೀಸ್ ಪಕ್ಕದ ಅಂಗಡಿ, ಪರಿಚಯದವರು, ಹೀಗೆ? ಸುಮಾರು ಜನ ಕೊಟ್ಟಿರುತ್ತಾರೆ. ಅವರಿಗೆ ದಾರಿಯಲ್ಲಿ ಹೋಗುವುದು 12 ಡಿಬಿ ಅಷ್ಟೇ. ಪ್ಲಸ್ 6ರಲ್ಲಿ 12 ಕಳೆದರೆ ಮೈನಸ್ 6, ಒಎನ್‌ಯು ಗಡಿ ಮೈನಸ್ 8. ಅವರ ಇಂಟರ್‌ನೆಟ್ ಕೆಡುತ್ತೆ. ತಿರುಗಿ ಬರುವ ಬೆಳಕಿಗೂ ಇದೇ ಗತಿ. ಸಿ ಪ್ಲಸ್ ಒಎಲ್‌ಟಿಯ ರಿಸೀವರ್ ಮೈನಸ್ 32ರವರೆಗೆ ಕೇಳಿಸಿಕೊಳ್ಳುವಷ್ಟು ಸೂಕ್ಷ್ಮ, ಅದಕ್ಕೇ ಅದರ ಮೇಲಿನ ಗಡಿ ಮೈನಸ್ 12ಕ್ಕೆ ಇಳಿದಿದೆ. ಹತ್ತಿರದ ಒಎನ್‌ಯು ಪ್ಲಸ್ 3 ಕಳಿಸಿದರೆ ಮೈನಸ್ 9 ಮುಟ್ಟುತ್ತೆ. ಸಿ ಪ್ಲಸ್ ಅನ್ನು ಕನಿಷ್ಠ 17 ಡಿಬಿ, ಹೆಚ್ಚೆಂದರೆ 32 ಡಿಬಿ ಲಾಸ್ ಇರುವ ಲೈನ್‌ಗೆ ಅಂತ ಮಾಡಿದ್ದಾರೆ. ಬಿ ಪ್ಲಸ್‌ಗೆ ಇದು 13ರಿಂದ 28. ಕನಿಷ್ಠ ಲಾಸ್ ಅನ್ನುವುದೊಂದು ಇದೆ ಅಂತ ಕೇಳಿದರೆ ಹೊಸಬರಿಗೆ ವಿಚಿತ್ರ ಅನ್ನಿಸುತ್ತೆ, ಆದರೆ ಲೈನ್ ಡಿಸೈನ್ ಮಾಡುವಾಗ ಅದೂ ಅಷ್ಟೇ ಮುಖ್ಯ.

ನಾನಾಗಿದ್ದರೆ ಆ 7 ಡಿಬಿ ಹುಡುಕಲು ಒಎಲ್‌ಟಿ ಕಡೆಯಿಂದ ಹೊರಡುತ್ತೇನೆ. ಮೊದಲ ಸ್ಪ್ಲಿಟರ್‌ಗೆ ಬರುವ ಕಡೆ ಸುಮಾರು ಪ್ಲಸ್ 1 ಇರಬೇಕು. ಹೊರಡುವ ಕಡೆ ಮೈನಸ್ 9ರಿಂದ ಮೈನಸ್ 10. ಎರಡನೇ ಸ್ಪ್ಲಿಟರ್‌ನಿಂದ ಹೊರಟಾಗ ಮೈನಸ್ 20ರ ಆಸುಪಾಸು. ಎಲ್ಲಿ ಲೆಕ್ಕ ತಪ್ಪುತ್ತೋ ಅದರ ಹಿಂದಿನ ತುಂಡಿನಲ್ಲಿ ತೊಂದರೆ ಇದೆ. ಒಂದು ಸ್ಪ್ಲಿಟರ್ ಬಾಕ್ಸ್‌ನ ಎಲ್ಲ ಮನೆಗಳಲ್ಲೂ ಮೈನಸ್ 28 ಬಂದರೆ ಬಾಕ್ಸ್‌ಗಿಂತ ಮೇಲೆ ಹುಡುಕಿ. ಒಂದೇ ಮನೆಯಲ್ಲಾದರೆ ಡ್ರಾಪ್ ಕೇಬಲ್ (ಬಾಕ್ಸ್‌ನಿಂದ ಮನೆಗೆ ಹೋಗುವುದು), ಕನೆಕ್ಟರ್ ನೋಡಿ.

ಸಾಮಾನ್ಯವಾಗಿ ಸಿಗುವ ಕಳ್ಳರು ಕೆಲವೇ ಮಂದಿ. ಹಸಿರು ಕನೆಕ್ಟರ್‌ಗೆ ನೀಲಿ ಕನೆಕ್ಟರ್ ಸೇರಿಸಿರುತ್ತಾರೆ. ಹಸಿರಿನ ಮುಖ 8 ಡಿಗ್ರಿ ಓರೆ, ನೀಲಿಯದು ಹಾಗಲ್ಲ, ನಡುವೆ ಗಾಳಿ ಉಳಿದು ಮೂರು ನಾಲ್ಕು ಡಿಬಿ ಅಲ್ಲೇ ಹೋಗುತ್ತೆ, ಬೆಳಕು ವಾಪಸ್ಸೂ ಬರುತ್ತೆ. ಎರಡನೆಯದು ಧೂಳು. ಒರೆಸದೆ ಚುಚ್ಚಿದ ಕನೆಕ್ಟರ್‌ನಲ್ಲಿ ಒಂದೆರಡು ಡಿಬಿ ಹೋಗುವುದು ಮಾಮೂಲಿ. ಮೂರನೆಯದು ಫೀಲ್ಡ್‌ನಲ್ಲೇ ಕೈಯಲ್ಲಿ ಹಾಕುವ ಫಾಸ್ಟ್ ಕನೆಕ್ಟರ್, ಹಾಕಿದ ದಿನ ಚೆನ್ನಾಗಿರುತ್ತೆ. ನಾಲ್ಕನೆಯದು ಬೆಂಡ್, ನಮ್ಮ ಕಡೆ ಇದು ತುಂಬ. ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಮೇಲೆ ಎತ್ತರಕ್ಕೆ ಲೋಡ್ ಮಾಡಿಕೊಂಡು ಹೋಗುವಾಗ ರಸ್ತೆಗೆ ಅಡ್ಡ ಕಟ್ಟಿದ ಡ್ರಾಪ್ ಕೇಬಲ್ ಸಿಕ್ಕಿ ಎಳೆದುಹೋಗುತ್ತೆ. ತುಂಡಾದರೆ ಒಳ್ಳೆಯದೇ, ತಕ್ಷಣ ಗೊತ್ತಾಗುತ್ತೆ. ತುಂಡಾಗದೆ ಕಂಬದ ಕ್ಲ್ಯಾಂಪ್ ಹತ್ತಿರ ಚೂಪಾಗಿ ಬಾಗಿ ನಿಂತರೆ ತಿಂಗಳುಗಟ್ಟಲೆ ಡಿಬಿ ತಿನ್ನುತ್ತಾ ಕೂರುತ್ತೆ. ಇದನ್ನು ಹಿಡಿಯಲು ಒಂದು ಉಪಾಯ ಇದೆ. ಬೆಂಡ್ ಇದ್ದರೆ 1550ಕ್ಕೆ ಲಾಸ್ ತುಂಬ, 1310ಕ್ಕೆ ಕಡಿಮೆ. ಲೈಟ್ ಸೋರ್ಸ್ ಇಟ್ಟು ಎರಡರಲ್ಲೂ ಅಳೆಯಿರಿ. ಎರಡರಲ್ಲೂ ಒಂದೇ ಥರ ಲಾಸ್ ಇದ್ದರೆ ಕನೆಕ್ಟರ್ ಅಥವಾ ಸ್ಪ್ಲೈಸ್ ಮೇಲೆ ಅನುಮಾನ ಪಡಿ. 1550ರಲ್ಲಿ ಮಾತ್ರ ಏರಿದ್ದರೆ ಬೆಂಡ್. ಕೊನೆಯ ಮನೆಗಳು ಮೈನಸ್ 28ರಲ್ಲೂ ಹೇಗೋ ಆನ್‌ಲೈನ್ ಇವೆ ಅಂದರೆ ನನಗೆ ಅನುಮಾನ ಬೆಂಡ್ ಮೇಲೇ, ಯಾಕೆಂದರೆ ತಿರುಗಿ ಬರುವ ಬೆಳಕು 1310, ಅದಕ್ಕೆ ಬೆಂಡ್ ಅಷ್ಟಾಗಿ ತಟ್ಟುವುದಿಲ್ಲ.

ರಿಪೇರಿ ಆದ ಮೇಲೆ ಮೈನಸ್ 21, 22 ಬಂದರೆ ನಿಲ್ಲಿಸಿ. ಮೈನಸ್ 24ಕ್ಕಿಂತ ಕೆಳಗೆ ಯಾವ ಮನೆಯನ್ನೂ ಬಿಟ್ಟುಬರಬೇಡಿ. ಮೈನಸ್ 27 ಅನ್ನುವುದು ಕಂಪನಿಯವರು ಹೇಳುವ ಕೊನೆಯ ಗಡಿ, ನಿಮ್ಮ ಗುರಿ ಅಲ್ಲ.

ಅಳತೆಯ ಬಗ್ಗೆ ಹೇಳದೆ ಮುಂದೆ ಹೋದರೆ ಇದೆಲ್ಲ ವ್ಯರ್ಥ. ನೀವು ಟಿವಿ, ಇಂಟರ್‌ನೆಟ್ ಒಂದೇ ಕೋರ್‌ನಲ್ಲಿ (ಕೇಬಲ್‌ನ ಒಂದೇ ಫೈಬರ್ ಎಳೆಯಲ್ಲಿ) ಕಳಿಸುತ್ತೀರಾ, ಬೇರೆ ಬೇರೆ ಕೋರ್‌ನಲ್ಲಾ ಅಂತ ಬರೆದಿಲ್ಲ. ಒಂದೇ ಕೋರ್ ಆದರೆ ಸಾಮಾನ್ಯ ಪವರ್ ಮೀಟರ್ ನಂಬಬೇಡಿ. ಟಿವಿ 1550ರಲ್ಲಿ, ಇಂಟರ್‌ನೆಟ್ 1490ರಲ್ಲಿ ಬರುತ್ತೆ. ಮೀಟರ್‌ನಲ್ಲಿ 1490 ಅಂತ ಬಟನ್ ಒತ್ತಿದ ಮಾತ್ರಕ್ಕೆ ಅದು 1550 ಅನ್ನು ಬಿಟ್ಟು ಅಳೆಯುವುದಿಲ್ಲ. ಬಂದ ಬೆಳಕನ್ನೆಲ್ಲ ಒಟ್ಟಿಗೆ ಅಳೆಯುತ್ತೆ, ಬಟನ್ ಬರೀ ಕ್ಯಾಲಿಬ್ರೇಶನ್ ಬದಲಿಸುತ್ತೆ. ಟಿವಿ ಬೆಳಕು ಮೈನಸ್ 5 ಇದ್ದರೆ ಮೀಟರ್ ಮೈನಸ್ 5 ತೋರಿಸುತ್ತೆ, ಅದರ ಅಡಿಯಲ್ಲಿ 1490 ಮೈನಸ್ 30ಕ್ಕೆ ಬಿದ್ದಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಒಳಗೆ ಫಿಲ್ಟರ್ ಇರುವ ಪಾನ್ ಪವರ್ ಮೀಟರ್ ಬೇಕು. ಈ ವ್ಯವಹಾರದಲ್ಲಿ ದುಡ್ಡು ಹಾಕಲೇಬೇಕಾದ ಸಾಮಾನು ಅಂದರೆ ಇದು, ಜೋರಾದ ಮಾಡ್ಯೂಲ್ ಅಲ್ಲ.

ಒಎನ್‌ಯು ಎಷ್ಟು ಕಳಿಸುತ್ತಿದೆ ಅಂತ ಅದರ ಬಾಯಿಗೆ ನೇರ ಮೀಟರ್ ಹಿಡಿದರೆ ಏನೂ ಬರುವುದಿಲ್ಲ. ಒಎನ್‌ಯು ಕೆಟ್ಟಿದೆ ಅಂತ ಬದಲಿಸಿಬಿಡುತ್ತಾರೆ. ಅದು ಕೆಟ್ಟಿಲ್ಲ, ಒಎಲ್‌ಟಿ ಮಾತಾಡು ಅಂದಾಗ ಮಾತ್ರ ಮಾತಾಡುತ್ತೆ. ಎಲ್ಲ ಮನೆಯವರೂ ಒಂದೇ ಕೋರ್‌ನಲ್ಲಿ ಸರದಿ ಪ್ರಕಾರ ಕಳಿಸಬೇಕಲ್ಲ, ಒಎಲ್‌ಟಿಯ ಬೆಳಕು ಕಾಣದಿದ್ದರೆ ಒಎನ್‌ಯು ತೆಪ್ಪಗಿರುತ್ತೆ. ಲೈನ್ ನಡುವೆ ಇಟ್ಟು ಅಳೆಯುವ ಪಾನ್ ಮೀಟರ್‌ನಲ್ಲಿ ಮಾತ್ರ ಇದು ಸರಿಯಾಗಿ ಸಿಗುತ್ತೆ. ಮಾಡ್ಯೂಲ್ ತಾನೇ ಹೇಳುವ ಡಿಡಿಎಂ ರೀಡಿಂಗ್ ಬಗ್ಗೆಯೂ ಒಂದು ಎಚ್ಚರ. ಅದರ ಸ್ಟ್ಯಾಂಡರ್ಡ್‌ನಲ್ಲೇ 3 ಡಿಬಿ ಹೆಚ್ಚು ಕಡಿಮೆ ಆಗಬಹುದು ಅಂತ ಇದೆ. ಸ್ವಿಚ್‌ನಲ್ಲಿ ಪ್ಲಸ್ 2 ಕಂಡರೆ ನಿಜಕ್ಕೂ 0 ಇರಬಹುದು, ಪ್ಲಸ್ 4 ಇರಬಹುದು. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಆಯಿತು ಅಂತ ನೋಡಲು ಡಿಡಿಎಂ ಒಳ್ಳೆಯದು, ಲೆಕ್ಕಕ್ಕೆ ಮೀಟರ್.

ಮೀಟರ್ ತೋರಿಸುವುದು ಸರಾಸರಿ ಪವರ್ ಅನ್ನುವುದೂ ನೆನಪಿರಲಿ. ಲೇಸರ್ ಡೇಟಾದ ಒಂದಕ್ಕೆ ಹೊಳೆದು ಸೊನ್ನೆಗೆ ಮಂಕಾಗುತ್ತೆ, ಪೂರ್ತಿ ಆರುವುದಿಲ್ಲ. ಒಂದಕ್ಕೂ ಸೊನ್ನೆಗೂ ಇರುವ ಅಂತರವೇ ರಿಸೀವರ್‌ಗೆ ಬೇಕಾದದ್ದು, ಇದನ್ನು ಎಕ್ಸ್‌ಟಿಂಕ್ಷನ್ ರೇಶಿಯೊ ಅಂತಾರೆ. ಅಗ್ಗದ ಮಾಡ್ಯೂಲ್‌ನಲ್ಲಿ ಸೊನ್ನೆಯೂ ಹೊಳೆಯುತ್ತಿದ್ದರೆ ಮೀಟರ್ ಪ್ಲಸ್ 4 ತೋರಿಸಿದರೂ ಪ್ರಯೋಜನ ಇಲ್ಲ.

ಹಾಗಾದರೆ ಕಂಪನಿಗಳೇ ಯಾಕೆ ಪ್ಲಸ್ 15ರ ಮಾಡ್ಯೂಲ್ ಮಾಡಿ ಎಲ್ಲರ ತಲೆನೋವು ಕಳೆಯಬಾರದು ಅಂತ ನೀವು ಕೇಳಬಹುದು. ಫೈಬರ್ ಒಪ್ಪುವುದಿಲ್ಲ. ಶುದ್ಧ, ಕಿರಿದಾದ ಲೇಸರ್ ಬೆಳಕನ್ನು ಉದ್ದದ ಫೈಬರ್‌ಗೆ ಪ್ಲಸ್ 6, 7 ಡಿಬಿಎಂಗಿಂತ ಜಾಸ್ತಿ ತುಂಬಿದರೆ ಬ್ರಿಲುವಾ ಸ್ಕ್ಯಾಟರಿಂಗ್ ಶುರುವಾಗಿ ಬೆಳಕು ಹಿಂದಕ್ಕೆ ಬರತೊಡಗುತ್ತೆ. ಮುಂದೆ ಹೋಗುವುದು ಹೆಚ್ಚುವುದಿಲ್ಲ, ಗಲಾಟೆ ಮಾತ್ರ ಹೆಚ್ಚುತ್ತೆ. ಕೇಬಲ್ ಟಿವಿಯ 1550 ಟ್ರಾನ್ಸ್‌ಮಿಟರ್‌ಗಳಲ್ಲಿ ಲೇಸರ್ ಬೆಳಕನ್ನು ಬೇಕಂತಲೇ ಸ್ವಲ್ಪ ಹರಡಿ ಈ ಗಡಿಯನ್ನು ಮೇಲಕ್ಕೆ ತಳ್ಳಿರುತ್ತಾರೆ. ಡೇಟಾಶೀಟ್‌ನಲ್ಲಿ ಎಸ್‌ಬಿಎಸ್ ಅಂತ ಒಂದು ಸಾಲು ಇರುತ್ತೆ, ಅದು ಇದೇ. ಇನ್ನೊಂದು ತೊಂದರೆ ನಮ್ಮ ಸಿ.ವಿ. ರಾಮನ್ 1928ರಲ್ಲಿ ತೋರಿಸಿದ ಪರಿಣಾಮದ ಜೋರು ರೂಪ. ಒಂದು ಬಣ್ಣದ ಬೆಳಕು ತನ್ನ ಪವರನ್ನು ಇನ್ನೊಂದು ಬಣ್ಣಕ್ಕೆ ಕೊಡುತ್ತೆ. ನಿಮ್ಮ ಥರ ಟಿವಿ, ಇಂಟರ್‌ನೆಟ್ ಎರಡೂ ನಡೆಸುವವರಿಗೆ ಇದು ನೇರವಾಗಿ ತಟ್ಟುತ್ತೆ. ಎರಡೂ ಒಂದೇ ಕೋರ್‌ನಲ್ಲಿದ್ದರೆ 1490ರ ಬೆಳಕು 1550ರ ಟಿವಿ ಸಿಗ್ನಲ್ ಒಳಗೆ ನುಸುಳುತ್ತೆ, ಅದೂ ಕಡಿಮೆ ಫ್ರೀಕ್ವೆನ್ಸಿಯ ಚಾನಲ್‌ಗಳಲ್ಲಿ ಮೊದಲು. ಒಎಲ್‌ಟಿ ಪವರ್ ಏರಿಸಿದಷ್ಟೂ ಇದು ಹೆಚ್ಚು. ಇಂಟರ್‌ನೆಟ್ ಸರಿಮಾಡಲು ಹೋಗಿ ಟಿವಿ ಕೆಡಿಸಿಕೊಂಡ ಹಾಗಾಗುತ್ತೆ.

ಪವರ್‌ನಿಂದ ಸರಿಹೋಗದ ಇನ್ನೊಂದು ರೋಗ ಡಿಸ್ಪರ್ಷನ್. 1550ರಲ್ಲಿ ಸಾಮಾನ್ಯ ಫೈಬರ್‌ನಲ್ಲಿ ಪಲ್ಸ್‌ಗಳು ದಾರಿಯುದ್ದಕ್ಕೂ ಅಗಲ ಆಗುತ್ತಾ ಹೋಗಿ ಒಂದರ ಮೇಲೊಂದು ಬೀಳುತ್ತವೆ. 10ಜಿಯಲ್ಲಿ 80 ಕಿ.ಮೀ. ದಾಟಿದರೆ ಮೀಟರ್‌ನಲ್ಲಿ ಬೆಳಕು ಚೆನ್ನಾಗೇ ಇರುತ್ತೆ, ಲಿಂಕ್ ಮಾತ್ರ ಬರುವುದಿಲ್ಲ. ನಿಮ್ಮ 28 ಕಿ.ಮೀ.ಗೆ ಈ ಚಿಂತೆ ಇಲ್ಲ.

ಮೈಸೂರಿನಿಂದ ಬೆಂಗಳೂರಿಗೆ, ಸುಮಾರು 145 ಕಿ.ಮೀ., ದೊಡ್ಡ ಲಿಂಕ್‌ಗಳಲ್ಲಿ ಏನು ಮಾಡುತ್ತಾರೆ? ಅಲ್ಲಿ ಲಾಸ್ 32 ಡಿಬಿ ದಾಟುತ್ತೆ. ಟ್ರಾನ್ಸ್‌ಮಿಟರ್ ಜೋರು ಮಾಡುವುದಿಲ್ಲ, ನಡುವೆ ಅಥವಾ ತುದಿಯಲ್ಲಿ ಇಡಿಎಫ್‌ಎ ಅನ್ನುವ ಬೆಳಕಿನ ಆಂಪ್ಲಿಫೈಯರ್ ಇಡುತ್ತಾರೆ. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ತಂಡದವರು ಎರ್ಬಿಯಂ ಬೆರೆಸಿದ ಫೈಬರ್‌ನಲ್ಲಿ ಬೆಳಕನ್ನು ಬೆಳಕಾಗಿಯೇ ಹೆಚ್ಚಿಸಿ ತೋರಿಸಿದ ಮೇಲೆ ಬಂದದ್ದು ಇದು. ಒಂದೇ ಫೈಬರ್‌ನಲ್ಲಿ ಹಲವು ಬಣ್ಣದ ಬೆಳಕು (ಚಾನಲ್) ಕಳಿಸುವ ಡಿಡಬ್ಲ್ಯುಡಿಎಂನಲ್ಲಿ ಇಡಿಎಫ್‌ಎ ಪ್ಲಸ್ 20 ಕೊಡುತ್ತೆ ಅಂದರೆ ಎಲ್ಲ ಚಾನಲ್ ಸೇರಿ ಪ್ಲಸ್ 20. 40 ಚಾನಲ್ ಇದ್ದರೆ ಒಂದೊಂದಕ್ಕೆ ಪ್ಲಸ್ 4, 80 ಇದ್ದರೆ ಪ್ಲಸ್ 1. ಇನ್ನೂ ತಮಾಷೆ ಅಂದರೆ ಈಗಿನ 400ಜಿ ಜೆಡ್‌ಆರ್ ಮಾಡ್ಯೂಲ್ ಕಳಿಸುವುದು ಮೈನಸ್ 10 ಡಿಬಿಎಂನ ಆಸುಪಾಸು. 1 ಮಿಲಿವ್ಯಾಟ್‌ನ ಹತ್ತರಲ್ಲಿ ಒಂದು! ನಿಮ್ಮ 10ಜಿ ಮಾಡ್ಯೂಲ್‌ಗಿಂತ ಸಪ್ಪೆ, ವೇಗ 40 ಪಟ್ಟು. ಅದರ ರಿಸೀವರ್ ತನ್ನದೇ ಒಂದು ಲೇಸರ್ ಇಟ್ಟುಕೊಂಡು ಬಂದ ಬೆಳಕಿನ ಜೊತೆ ಬೆರೆಸಿ ಓದುತ್ತೆ.

ನಿಮ್ಮ ಟಿವಿ ಕಡೆಯ ಇಡಿಎಫ್‌ಎ ಮಾತ್ರ ಬೇರೆ ಜಾತಿ. ಪ್ರತಿ ಪೋರ್ಟ್‌ಗೆ ಪ್ಲಸ್ 17ರಿಂದ ಪ್ಲಸ್ 22, 23ರವರೆಗೆ ಇರುತ್ತೆ. ಟಿವಿ ಸಿಗ್ನಲ್‌ಗೆ ಡಿಜಿಟಲ್ ಇಂಟರ್‌ನೆಟ್‌ಗಿಂತ ತುಂಬ ಹೆಚ್ಚು ಬೆಳಕು ಬೇಕು. ಮನೆಯ ನೋಡ್‌ಗೆ (ಟಿವಿ ಬೆಳಕಿನ ರಿಸೀವರ್) ಮೈನಸ್ 28 ಕೊಟ್ಟರೆ ಪರದೆ ಮೇಲೆ ಏನೂ ಬರುವುದಿಲ್ಲ, ಅಲ್ವಾ. ಪ್ಲಸ್ 22 ಅಂದರೆ ಸುಮಾರು 160 ಮಿಲಿವ್ಯಾಟ್. 1550ರಲ್ಲಿ ಕಣ್ಣಿಗೆ ಅಪಾಯ ಇಲ್ಲ ಅನ್ನುವ ಕ್ಲಾಸ್ 1ರ ಮಿತಿ 10 ಮಿಲಿವ್ಯಾಟ್, ಅಂದರೆ ಪ್ಲಸ್ 10. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತೇವೆ ಅನ್ನುವವರಿದ್ದಾರೆ. ಅದರಲ್ಲಿ 850 ಸ್ವಲ್ಪ ಕಾಣಬಹುದು, 1310, 1490, 1550 ಯಾವುದೂ ಕಾಣುವುದಿಲ್ಲ. ಕಾಣಲಿಲ್ಲ ಅಂದರೆ ಬೆಳಕಿಲ್ಲ ಅಂತಲ್ಲ. ಪಿಗ್‌ಟೇಲ್ (ಕನೆಕ್ಟರ್ ಇರುವ ತುಂಡು ಫೈಬರ್) ತುದಿಯನ್ನು ಕಣ್ಣಿನ ಹತ್ತಿರ ಹಿಡಿಯುವುದು ಬೇಡವೇ ಬೇಡ. ಇಡಿಎಫ್‌ಎ ಪೋರ್ಟ್‌ನಿಂದ ಕನೆಕ್ಟರ್ ಬಿಚ್ಚುವ ಮುಂಚೆ ಅದನ್ನು ಆಫ್ ಮಾಡಿ. ಇಷ್ಟು ಪವರ್‌ನಲ್ಲಿ ಕನೆಕ್ಟರ್ ಮುಖದ ಮೇಲೆ ಒಂದು ಧೂಳಿನ ಕಣ ಇದ್ದರೂ ಅದು ಸುಟ್ಟು ಗಾಜಿಗೆ ಅಂಟಿಕೊಳ್ಳುತ್ತೆ, ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ, ಇಡಿಎಫ್‌ಎ ಪೋರ್ಟ್‌ನ ಒಳಗಿನ ಮುಖವೇ ಹೋಗಿಬಿಟ್ಟರೆ ರಿಪೇರಿಗೆ ಕಳಿಸಬೇಕಾಗುತ್ತೆ.

ಇನ್ನು ಮಾಡ್ಯೂಲ್ ನಿಜವಾಗಿ ಯಾವಾಗ ಬದಲಿಸಬೇಕು ಅಂದರೆ, ಡಿಡಿಎಂನಲ್ಲಿ ಟ್ರಾನ್ಸ್‌ಮಿಟ್ ಪವರ್ ಪಕ್ಕದಲ್ಲೇ ಬಯಾಸ್ ಕರೆಂಟ್ (ಲೇಸರ್ ಓಡಿಸುವ ಕರೆಂಟ್) ಅಂತ ಇರುತ್ತೆ, ಅದನ್ನು ನೋಡಿ. ಲೇಸರ್ ಹಳೆಯದಾದಂತೆ ಅದೇ ಬೆಳಕಿಗೆ ಹೆಚ್ಚು ಕರೆಂಟ್ ಬೇಕಾಗುತ್ತೆ, ಮಾಡ್ಯೂಲ್ ತಾನೇ ಕರೆಂಟ್ ಏರಿಸುತ್ತಾ ಪವರ್ ಇಳಿಯದ ಹಾಗೆ ನೋಡಿಕೊಳ್ಳುತ್ತೆ. ಬಿಸಿಗೂ ಹೀಗೇ ಏರುತ್ತೆ, ಹಾಗಾಗಿ ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ರೂಮಿನಲ್ಲಿ ನೋಡಿ ಗಾಬರಿ ಆಗಬೇಡಿ. ಇವತ್ತೇ ಎಲ್ಲ ಪೋರ್ಟ್‌ಗಳ ಅಂಕಿ ಬರೆದಿಡಿ. ಅದೇ ಬಿಸಿಯಲ್ಲಿ ಬಯಾಸ್ ಒಂದೂವರೆ ಪಟ್ಟು ಆಗಿದ್ದು, ಪವರ್ ಕೂಡ ಇಳಿಯಲು ಶುರುವಾಗಿದ್ದರೆ ಆ ಮಾಡ್ಯೂಲ್ ತೆಗೆದು ಅದೇ ಕ್ಲಾಸ್‌ನ ಹೊಸದು ಹಾಕಿ.